ಶೀಟು ಮಡಚುವ ಜೋಡಿ

ಆರು ಹೆಂಗಸರು, ಮೂರು ಜೋಡಿ. ಆ ಲಾಂಡ್ರಿ ನಡೆಯುತ್ತಿದ್ದದ್ದೇ ಹಾಗೆ. ಹೋಟೆಲುಗಳಿಂದ, ನರ್ಸಿಂಗ್ ಹೋಮುಗಳಿಂದ ಬೆಡ್‌ಶೀಟುಗಳು ಬೆಳಗ್ಗೆಯೇ ಗಂಟುಗಂಟಾಗಿ ಬಂದು ಬೀಳುತ್ತವೆ. ಒಗೆಯುವುದಕ್ಕೆ ಮೆಷಿನ್ನಿದೆ, ಒಣಗಿಸುವುದಕ್ಕೆ ಮೆಷಿನ್ನಿದೆ, ಮಡಚುವುದಕ್ಕೆ ಮಾತ್ರ ಮನುಷ್ಯರೇ ಆಗಬೇಕು. ಅದೂ ಇಬ್ಬರು. ಡಬಲ್ ಮಂಚದ ಶೀಟನ್ನು ಒಬ್ಬಳೇ ಮಡಚಲು ಹೋದರೆ ಅದರ ಅರ್ಧ ನೆಲ ಗುಡಿಸುತ್ತದೆ, ಮತ್ತೆ ಒಗೆಯಲು ಹಾಕಬೇಕು. ಅದಕ್ಕೇ ಎದುರುಬದುರು ನಿಂತು, ಒಬ್ಬೊಬ್ಬರು ಎರಡೆರಡು ಮೂಲೆ ಹಿಡಿದು, ಜೋರಾಗಿ ಒದರಿ, ಅರ್ಧಕ್ಕೆ ಮಡಚಿ, ಹತ್ತಿರ ಬಂದು ಒಬ್ಬಳು ಇನ್ನೊಬ್ಬಳ ಕೈಗೆ ಮೂಲೆ ಕೊಡಬೇಕು. ದಿನಕ್ಕೆ ನಾನೂರು ಸಲ. ಸಂಜೆ ಮನೆಗೆ ಹೋಗಿ ತಲೆ ಬಾಚಿಕೊಳ್ಳುವುದಕ್ಕೂ ಕೈಯಲ್ಲಿ ಕಸುವು ಉಳಿದಿರುವುದಿಲ್ಲ.

ಮೂರನೆಯ ಜೋಡಿ ಇಬ್ಬರು ವಾರಗಿತ್ತಿಯರದು. ಅಣ್ಣನ ಹೆಂಡತಿಯನ್ನು ಎಲ್ಲರೂ ದೊಡ್ಡವಳು ಎನ್ನುತ್ತಿದ್ದರು, ತಮ್ಮನ ಹೆಂಡತಿಯನ್ನು ಚಿಕ್ಕವಳು. ದೊಡ್ಡವಳಿಗೆ ಐವತ್ತೊಂದು ವಯಸ್ಸು, ಹದಿನೇಳು ವರ್ಷದ ಸರ್ವಿಸು. ಚಿಕ್ಕವಳ ಕೈ ಹಿಡಿದು ಈ ಕೆಲಸಕ್ಕೆ ಕರೆತಂದವಳೂ ಅವಳೇ. ಇಷ್ಟೆಲ್ಲ ಇದ್ದೂ ಅವರಿಬ್ಬರ ನಡುವೆ ಮಾತು ನಿಂತು ಒಂಬತ್ತು ವರ್ಷವಾಗಿತ್ತು. ಅತ್ತೆ ತೀರಿಕೊಂಡಾಗ ಅವರ ಬೀರು ಯಾರ ಪಾಲಿಗೆ ಎಂದು ಶುರುವಾದ ಜಗಳ, ಮನೆಯ ನಡುವೆ ಗೋಡೆ ಎದ್ದ ಮೇಲೂ ನಿಲ್ಲಲಿಲ್ಲ. ಆ ಬೀರುವಿನ ಬಾಗಿಲು ನೆಟ್ಟಗೆ ಮುಚ್ಚುತ್ತಲೂ ಇರಲಿಲ್ಲ ನೋಡಿ. ಅಂಥ ದರಿದ್ರ ಬೀರುವಿಗಾಗಿ ಒಂಬತ್ತು ವರ್ಷ!

ಆದರೆ ಜೋಡಿ ಬದಲಾಯಿಸಲಿಲ್ಲ. ಇಬ್ಬರದೂ ಒಂದೇ ಎತ್ತರ, ಒಂದೇ ವೇಗ; ಬೇರೆಯವರ ಜೊತೆ ನಿಲ್ಲಿಸಿದರೆ ಶೀಟು ಸೊಟ್ಟಗಾಗುತ್ತಿತ್ತು. ಹೇಳುವುದೇನಾದರೂ ಇದ್ದರೆ ಪಕ್ಕದ ಜೋಡಿಯ ಕನ್ನಡಕದವಳ ಮೂಲಕ. "ಆ ಕಡೆಯವರಿಗೆ ಹೇಳು, ಈ ಶೀಟಲ್ಲಿ ಕಲೆ ಉಳಿದಿದೆ" ಅಂತ ಇವಳು. "ಈ ಕಡೆಯವರಿಗೂ ಕಣ್ಣಿದೆ ಅಂತ ಹೇಳು" ಅಂತ ಅವಳು. ಕನ್ನಡಕದವಳು ಇಬ್ಬರಿಗೂ ಹೂಂಗುಟ್ಟಿ ತನ್ನ ಪಾಡಿಗೆ ತಾನಿರುತ್ತಿದ್ದಳು.

ಈಚೆಗೆ ಒಂದು ವರ್ಷದಿಂದ ದೊಡ್ಡವಳಿಗೆ ಇನ್ನೊಂದು ಸಂಗತಿ ಉರಿ ಹತ್ತಿಸುತ್ತಿತ್ತು. ಮೂಲೆ ಕೊಡುವಾಗ ಚಿಕ್ಕವಳು ತಲೆ ತಗ್ಗಿಸಿ, ಬಗ್ಗಿ, ಸೊಂಟದ ಹತ್ತಿರವೇ ಕೈಗಿಟ್ಟು ಹಿಂದಕ್ಕೆ ಸರಿಯುತ್ತಿದ್ದಳು. ಮುಂಚೆ ಹಾಗಿರಲಿಲ್ಲ, ಎದೆಯ ಮಟ್ಟಕ್ಕೆ ಎತ್ತಿ ಕೊಡುತ್ತಿದ್ದಳು. 'ನನ್ನ ಮುಖ ನೋಡೋದಕ್ಕೂ ಅಸಹ್ಯ ಇವಳಿಗೆ. ಎಷ್ಟು ಕೊಬ್ಬು!' ಎಂದು ದೊಡ್ಡವಳು ಹಲ್ಲು ಕಚ್ಚಿಕೊಳ್ಳುತ್ತಿದ್ದಳು.

ಹೀಗಿರುವಾಗ ಸರ್ಕಾರ ಕನಿಷ್ಠ ಕೂಲಿ ಏರಿಸಿತು. ಮೊದಲ ತಿಂಗಳು ಲಾಂಡ್ರಿಯಲ್ಲಿ ಎಲ್ಲರ ಮುಖದಲ್ಲೂ ಕಳೆ. ಏರಿದ್ದು ಸಣ್ಣ ಮೊತ್ತವಲ್ಲ; ಮೂರು ಸಿಗುತ್ತಿದ್ದ ಕಡೆ ನಾಲ್ಕು ಸಿಕ್ಕ ಹಾಗೆ. ಕನ್ನಡಕದವಳು ಹಳೆಯ ಕನ್ನಡಕ ಬಿಸಾಡಿ ಹೊಸದು ಮಾಡಿಸಿಕೊಂಡು, "ಅಯ್ಯೋ, ಇಷ್ಟು ದಿನ ಇಷ್ಟೊಂದು ಕಲೆ ಬಿಟ್ಟು ಕಳಿಸ್ತಿದ್ವಾ!" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ದೊಡ್ಡವಳ ಗಂಡನಿಗೆ ಉಬ್ಬಸ, ಆರು ವರ್ಷದಿಂದ ದುಡಿಮೆಯಿಲ್ಲ. ಹತ್ತು ದಿನಕ್ಕಾಗುವಷ್ಟೇ ಮಾತ್ರೆ ತರುತ್ತಿದ್ದವಳು ಆ ಸಲ ಇಡೀ ತಿಂಗಳಿನದು ಒಟ್ಟಿಗೇ ತಂದಳು. ಔಷಧಿ ಅಂಗಡಿಯವನು, "ಏನಮ್ಮಾ, ಲಾಟರಿ ಹೊಡೀತಾ?" ಎಂದು ನಕ್ಕ. ಅವಳಿಗೂ ನಗು ಬಂತು. ನಗದೆ ಎಷ್ಟೋ ದಿನವಾಗಿತ್ತು, ಪಾಪ.

ಎರಡನೆಯ ತಿಂಗಳು ಮಾಲೀಕ ಅವಳೊಬ್ಬಳನ್ನೇ ಕರೆದ. ಕೆಟ್ಟ ಮನುಷ್ಯನಲ್ಲ. ಕೂಲಿ ಏರಿದ ದಿನದಿಂದ ಲೋಡಿಂಗ್ ಆಳನ್ನು ಬಿಡಿಸಿ, ತಾನೇ ಬನಿಯನ್ನಿನಲ್ಲಿ ನಿಂತು ಮೆಷಿನ್ನಿಗೆ ಗಂಟು ಎತ್ತಿಹಾಕುತ್ತಿದ್ದ. ಮೈಯೆಲ್ಲ ಸೋಪಿನ ಪುಡಿ.

"ಏನ್ ಮಾಡ್ಲಿ ಹೇಳಿ ಅಮ್ಮ," ಎಂದ. "ಶೀಟಿಗೆ ಇಷ್ಟು ಅಂತ ಹೋಟೆಲಿನವರ ಜೊತೆ ವರ್ಷದ ಕೊನೆ ತನಕ ಒಪ್ಪಂದ ಆಗಿಹೋಗಿದೆ. ಕೂಲಿ ಜಾಸ್ತಿ ಆಯ್ತು, ಸ್ವಲ್ಪ ಏರಿಸಿಕೊಡಿ ಅಂತ ಹೋಗಿ ಕೂತ್ಕೊಂಡೆ. 'ಸರ್ಕಾರ ಹೇಳಿರೋದು ನಿಮಗೆ, ನಮಗಲ್ವಲ್ಲ' ಅಂದ್ರು. ಟೀ ಬೇರೆ ಕೊಟ್ರು."

ಇನ್ನೊಂದು ಗಂಟು ಮೆಷಿನ್ನಿಗೆ ತಳ್ಳಿ ಅವನೇ ಮುಂದುವರಿಸಿದ.

"ಪುಸ್ತಕದಲ್ಲಿ ಹೊಸ ಕೂಲಿ ಬರೆಸಿ, ಹಿಂದಿನ ಬಾಗಿಲಲ್ಲಿ ಅರ್ಧ ವಾಪಸ್ ಇಸ್ಕೊಳ್ಳೋರು ಇದ್ದಾರೆ. ನಂಗೆ ಆ ಬುದ್ಧಿ ಬೇಡ. ಐದು ಜನ ಆದ್ರೆ ಹೇಗೋ ತಳ್ಳಬಹುದು, ಆರು ಜನ ಆದ್ರೆ ಬಾಗಿಲು ಹಾಕ್ಬೇಕು." ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ತಲೆಗಿಂತ ಗೇಣು ಮೇಲೆ ಒಂದು ಕಬ್ಬಿಣದ ಸಲಾಕೆ, ಅದರ ಎರಡು ತುದಿಗೆ ಎರಡು ಕ್ಲಿಪ್ಪು. "ಶೀಟಿನ ಎರಡು ಮೂಲೆ ಅದಕ್ಕೆ ಸಿಗಿಸಿದ್ರೆ ಒಬ್ರೇ ಮಡಚಬಹುದಂತೆ. ಉಳಿದ ಎರಡು ಜೋಡಿ ಹಾಗೇ ಇರ್ಲಿ. ನಿಮ್ಮ ಜೋಡೀಲಿ ಒಬ್ರು ಸಾಕು. ಹೇಗೂ ನೀವಿಬ್ರೂ ಮಾತಾಡಲ್ವಲ್ಲ."

"ಯಾರು ಸಾರ್?"

"ಸೀನಿಯರ್ರು ನೀವು, ನೀವೇ ಹೇಳ್ಬಿಡಿ. ಶುಕ್ರವಾರದೊಳಗೆ." ಅಷ್ಟು ಹೇಳಿ ಅವನು ಗಂಟಿನ ಕಡೆ ತಿರುಗಿಕೊಂಡ. ಆ ಹೊರೆಯನ್ನು ತನ್ನ ತಲೆಯಿಂದ ಇಳಿಸಿ ಅವಳ ತಲೆಗೆ ಹೊರಿಸಿದ್ದು ಅವನಿಗೂ ಗೊತ್ತಿತ್ತು ಅಂತ ಕಾಣುತ್ತದೆ, ಮುಖ ಕೊಟ್ಟು ನೋಡಲಿಲ್ಲ.

ಅವನು ಕರೆದದ್ದು ಮಂಗಳವಾರ. ಶುಕ್ರವಾರದವರೆಗೆ ದೊಡ್ಡವಳು ಅದನ್ನೇ ಲೆಕ್ಕ ಹಾಕುತ್ತಿದ್ದಳು. ಗೋಡೆಯ ಆ ಕಡೆಯ ಸುದ್ದಿ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಒಂದಿಟ್ಟಿಗೆಯ ಗೋಡೆ, ಕೆಮ್ಮಿದರೂ ಕೇಳುತ್ತದೆ. ಮೈದುನ ಅಂಗಡಿ ಸಾಲಿನ ಕಾವಲುಗಾರ. ಇದೇ ಹೊಸ ಕೂಲಿಯ ದೆಸೆಯಿಂದ ಅಂಗಡಿಯವರು ಕ್ಯಾಮೆರಾ ಹಾಕಿಸಿ ಅವನ ಪಾಳಿ ಅರ್ಧಕ್ಕೆ ಇಳಿಸಿದ್ದರು. ಮನೆ ನಡೆಯುತ್ತಿದ್ದದ್ದು ಚಿಕ್ಕವಳ ಸಂಬಳದಲ್ಲಿ. ಈ ಕಡೆ ಮನೆ ನಡೆಯುತ್ತಿದ್ದದ್ದು ದೊಡ್ಡವಳ ಸಂಬಳದಲ್ಲಿ. ಹೋಲಿಸಿ ನೋಡಿದರೆ ಯಾರ ಕಷ್ಟವೂ ಯಾರದಕ್ಕಿಂತ ಕಡಿಮೆಯಿರಲಿಲ್ಲ.

'ಅವಳಿಗಿನ್ನೂ ನಲವತ್ತು. ಎಲ್ಲಾದ್ರೂ ತಗೋತಾರೆ,' ಎಂದು ತನಗೆ ತಾನೇ ಹೇಳಿಕೊಂಡಳು. 'ಈ ಕೂಲಿ ಕೊಟ್ಟು ಮುದುಕಿಯನ್ನ ಯಾರು ಕರೀತಾರೆ? ಮೊದಲಾಗಿದ್ರೆ ಅಗ್ಗಕ್ಕೆ ಸಿಗ್ತಾಳೆ ಅಂತಾದ್ರೂ ಕರೀತಿದ್ರು.' ಅದು ಸುಳ್ಳೇನಲ್ಲ. ಆದರೆ ಹಾಗೆ ಹೇಳಿಕೊಳ್ಳುವಾಗ ಆ ಸೊಂಟದ ಹತ್ತಿರ ಮೂಲೆ ಕೊಡುವ ಕೊಬ್ಬೂ ನೆನಪಿಗೆ ಬರುತ್ತಿತ್ತು, ಬಂದಾಗ ಸ್ವಲ್ಪ ಹಗುರವಾಗುತ್ತಿತ್ತು.

ಶುಕ್ರವಾರ ಸಂಜೆ ಮಾಲೀಕನ ಮುಂದೆ ನಿಂತು, "ಆ ಕಡೆಯವಳು ಹೋಗ್ಲಿ ಸಾರ್," ಎಂದಳು. ಅವನು ತಲೆಯಾಡಿಸಿದ. ಅಷ್ಟೇ.

ಶನಿವಾರ ಚಿಕ್ಕವಳು ಕೊನೆಯ ಶೀಟಿನವರೆಗೂ ಮಡಚಿದಳು. ಒಂದೂ ಸೊಟ್ಟಗಾಗಲಿಲ್ಲ. ಮಾಲೀಕ ಒಂದು ತಿಂಗಳ ಸಂಬಳ ಹೆಚ್ಚಿಗೆ ಹಾಕಿದ ಲಕೋಟೆ ಕೊಟ್ಟಾಗ ಅದನ್ನು ಬಿಚ್ಚಿಯೂ ನೋಡದೆ ರವಿಕೆಯಲ್ಲಿ ಸಿಕ್ಕಿಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದಳು. ಗೆದ್ದೆ ಅಂತ ದೊಡ್ಡವಳಿಗೆ ಅನ್ನಿಸಲಿಲ್ಲ. ಸುಸ್ತಾಗಿದೆ ಅಂತ ಮಾತ್ರ ಅನ್ನಿಸಿತು. ಭಾನುವಾರ ಇಡೀ ದಿನ ಮಲಗಿದಳು.

ಸೋಮವಾರ ಬೆಳಗ್ಗೆ ಮೊದಲ ಶೀಟು ಹಿಡಿದು ಸಲಾಕೆಯ ಮುಂದೆ ನಿಂತಳು. ಎಡಗೈಯಿಂದ ಒಂದು ಮೂಲೆ ಕ್ಲಿಪ್ಪಿಗೆ ಸಿಗಿಸಿದಳು. ಬಲಗೈ ಎತ್ತಿದಳು. ಎದೆಯ ಮಟ್ಟದವರೆಗೆ ಬಂತು, ಅಲ್ಲಿಂದ ಮೇಲೆ ಹೋಗಲಿಲ್ಲ. ಇನ್ನೊಂದು ಸಲ ಎತ್ತಿದಳು. ಭುಜದೊಳಗೆ ಯಾರೋ ಕೀಲು ಕಿತ್ತ ಹಾಗೆ ನೋವು ಹೊಡೆದು ಕಣ್ಣಲ್ಲಿ ನೀರು ಬಂತು. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ನೋಡಿದಳು, ಶೀಟು ಜಾರಿ ನೆಲಕ್ಕೆ ಬಿತ್ತು. ಭುಜ ನೋಯುವುದು ಹೊಸದಲ್ಲ, ಅಲ್ಲಿ ಯಾರ ಭುಜ ನೋಯುತ್ತಿರಲಿಲ್ಲ? ಆದರೆ ಕೈ ಏಳುವುದೇ ಇಲ್ಲ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಎಡಗೈ ಸಾಕಾಗುತ್ತಿತ್ತು, ಇಲ್ಲಿ ಎತ್ತುವ ಪ್ರಸಂಗವೇ ಬಂದಿರಲಿಲ್ಲವಲ್ಲ!

ಕನ್ನಡಕದವಳು ಓಡಿಬಂದು ಶೀಟು ಎತ್ತಿಕೊಟ್ಟಳು. "ಆಗಲ್ಲ ಬಿಡಿ ಅಕ್ಕ. ಅವಳಿದ್ದಾಗ ಬಗ್ಗಿ ಬಗ್ಗಿ ನಿಮ್ಮ ಕೈಗೇ ತಂದು ಕೊಡ್ತಿದ್ಲು. ಒದರೋದೂ ಅವಳೇ, ಮಡಚಿದ ಕಟ್ಟು ಎತ್ತಿ ಇಡೋದೂ ಅವಳೇ. ವರ್ಷದಿಂದ ನೋಡ್ತಿದ್ವಲ್ಲ ನಾವು."

"ಏನಂದೆ?"

"ನಿಮಗೆ ಗೊತ್ತಿದೆ ಅಂತ ಅಂದ್ಕೊಂಡಿದ್ವಿ," ಎಂದಳು ಕನ್ನಡಕದವಳು, ತಪ್ಪು ಮಾತಾಡಿದವಳ ಹಾಗೆ ಮುಖ ಸಣ್ಣ ಮಾಡಿಕೊಂಡು.

ದೊಡ್ಡವಳ ಜೀವ ಕುಗ್ಗಿಹೋಯಿತು. ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಸಂಜೆಯವರೆಗೆ ನಿಂತಳು. ಸ್ಟೂಲು ಹತ್ತಿ ಇಳಿದಳು, ಹಲ್ಲಿನಲ್ಲಿ ಅಂಚು ಕಚ್ಚಿ ಹಿಡಿದಳು, ಏನೇನೋ ಮಾಡಿದಳು. ಕೆಲಸ ಮುಗಿಯುವ ಹೊತ್ತಿಗೆ ಅರವತ್ತೊಂದು ಶೀಟು, ಅದರಲ್ಲಿ ಒಂಬತ್ತು ಮತ್ತೆ ಒಗೆಯಬೇಕಾದವು.

ಮಾಲೀಕ ಎಣಿಸಲಿಲ್ಲ, ನೋಡಿದ ಅಷ್ಟೇ.

"ನಂಗಾಗಲ್ಲ ಸಾರ್. ಅವಳನ್ನೇ ವಾಪಸ್ ಕರೀರಿ," ಎಂದಳು.

"ಮತ್ತೆ ನೀವು?"

"ಐದೇ ಜನ ತಾನೇ ನಿಮಗೆ ಆಗೋದು?"

ಅವನು ಒಂದು ಗಂಟಿನ ಮೇಲೆ ಕುಸಿದು ಕುಳಿತು ಮುಖ ಒರೆಸಿಕೊಂಡ. "ವರ್ಷದ ಕೊನೇಲಿ ರೇಟು ಏರಿಸಿದ್ರೆ ನಿಮ್ಮನ್ನೂ ಕರೀತೀನಿ ಅಮ್ಮ, ಆಣೆ ಮಾಡ್ತೀನಿ," ಎಂದ. ಅವನ ಆಣೆ ನಿಜವೇ ಇರಬಹುದು. ಅಷ್ಟು ಹೊತ್ತಿಗೆ ಆ ಕೈ ಎಲ್ಲಿಯವರೆಗೆ ಏಳುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಮನೆಗೆ ಬಂದವಳು ತನ್ನ ಬಾಗಿಲು ದಾಟಿ ಮುಂದೆ ಹೋಗಿ ಪಕ್ಕದ ಬಾಗಿಲು ತಟ್ಟಿದಳು. ಚಿಕ್ಕವಳೇ ತೆಗೆದಳು. ಕೈ ತುಂಬ ಪಾತ್ರೆ ತೊಳೆಯುವ ನೊರೆ. ಎದುರಿಗೆ ನಿಂತವಳನ್ನು ನೋಡಿ ಬೆಚ್ಚಿಬಿದ್ದಳು, ಆದರೆ ಬಾಗಿಲು ಹಾಕಲಿಲ್ಲ.

"ಕೈ ಏಳ್ತಿಲ್ಲ ಕಣೇ," ಎಂದಳು ದೊಡ್ಡವಳು. ಒಂಬತ್ತು ವರ್ಷದ ಮೇಲೆ ಬಾಯಿಂದ ಹೊರಟ ಮೊದಲ ಮಾತು.

"ಗೊತ್ತು."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ನಾವು ಮಾತಾಡ್ತಾ ಇರ್ಲಿಲ್ವಲ್ಲ."

ದೊಡ್ಡವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚೌಕಟ್ಟು ಹಿಡಿದುಕೊಂಡಳು. "ನಿನ್ನ ಹೆಸರು ಹೇಳಿದ್ದು ನಾನೇ."

"ಅದೂ ಗೊತ್ತು," ಎಂದಳು ಚಿಕ್ಕವಳು. ದನಿಯಲ್ಲಿ ಸಿಟ್ಟಿತ್ತು, ಮುಚ್ಚಿಟ್ಟುಕೊಳ್ಳಲಿಲ್ಲ. "ಶನಿವಾರ ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತಿತ್ತು."

"ನಾಳೆಯಿಂದ ನೀನು ಹೋಗು. ಸಾರ್‌ಗೆ ಹೇಳಿ ಬಂದಿದ್ದೀನಿ. ನಾನು ಬಿಟ್ಟೆ."

ಚಿಕ್ಕವಳು ಕೈ ಒರೆಸಿಕೊಳ್ಳಲೂ ಮರೆತಳು. ನೊರೆ ಬೆರಳಿನಿಂದ ಇಳಿದು ಹೊಸ್ತಿಲಿಗೆ ತೊಟ್ಟಿಕ್ಕುತ್ತಿತ್ತು. ಗೋಡೆಯ ಆಚೆಯಿಂದ ದೊಡ್ಡವಳ ಗಂಡನ ಉಬ್ಬಸದ ಕೆಮ್ಮು ಕೇಳಿತು, ಇಬ್ಬರೂ ಕೇಳಿಸಿಕೊಂಡರು.

"ಹೋಗ್ತೀನಿ ಅಕ್ಕ," ಎಂದಳು ಕೊನೆಗೆ. "ಬೇಡ ಅನ್ನೋವಷ್ಟು ಅನುಕೂಲ ನಂಗಿಲ್ಲ."

"ಶುಕ್ರವಾರ ನಂಗೂ ಇರ್ಲಿಲ್ಲ ಕಣೇ," ಎಂದಳು ದೊಡ್ಡವಳು.