ಸಾಕೆನ್ನದ ನೊಣಗಳು

ಕೊಟ್ರೇಶನನ್ನು ಮಣ್ಣು ಮಾಡಿದಾಗಿನಿಂದ ರಾಯಚೂರಿನ ಆ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಗುಂಜಹಳ್ಳಿಯ ನೆಂಟರು ತಂದ ಬುತ್ತಿಯಲ್ಲೇ ದಿನ ಕಳೆದಿತ್ತು. ಬಂದವರೆಲ್ಲ ಹೊರಟುಹೋದ ಮೊದಲ ಬೆಳಗ್ಗೆ ಅವನ ಹೆಂಡತಿ ಸುನಂದಾ ಒಲೆ ಹಚ್ಚಿ, ರವೆ, ಬೆಲ್ಲ ಹಾಕಿ ಗಂಜಿ ಕಾಯಿಸಿದಳು.

“ನಿನಗೇನು ಯವ್ವಾ?” ಅತ್ತೆ ಬಸವಂತಮ್ಮ ಬಾಗಿಲಲ್ಲಿ ನಿಂತು ಕೇಳಿದರು.

“ಅಲ್ಲತ್ತಿ, ನೊಣಕ್ಕ.”

“ಇಷ್ಟು ದಿನದ ಮ್ಯಾಲ ಒಲಿ ಹೊತ್ತಿಸಿ ಮೊದಲ ಎಡಿ ನೊಣಕ್ಕ! ನೀ ಒಂದು ತುತ್ತರ ಉಂಡೀಯೇನು?”

“ಹಸಿವಿಲ್ಲ.”

ಅಳುವೂ ಬಂದಿರಲಿಲ್ಲ.

ಕಪಾಟಿನ ತುಂಬ ಹತ್ತಿ ಬಿರಡೆಯ ಬಾಟಲಿಗಳು; ಒಳಗೆ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣಗಳು. ಹೊಟ್ಟೆ ತುಂಬಿದ ನೊಣದ ಕರುಳು ರಕ್ತಕ್ಕೆ ಒಂದು ಹಾರ್ಮೋನು ಬಿಡುತ್ತದೆ. ಅದು ಮಿದುಳನ್ನು ಮುಟ್ಟಿದರೆ ನೊಣ ಸಾಕೆಂದು ಸೊಂಡಿಲು ಮಡಚುತ್ತದೆ. ಆ ಸುದ್ದಿ ಕರುಳಿನಿಂದ ಹೊರಡದೇ ಇರುವ ತಳಿಯೊಂದನ್ನು ಕೊಟ್ರೇಶ ವರ್ಷಗಟ್ಟಲೆ ಕೂತು ಮೇಲಿನ ಅರೆಯಲ್ಲಿ ಬೆಳೆಸಿದ್ದ. ನೀಲಿ ಬಣ್ಣ ಬೆರೆಸಿದ ಗಂಜಿ ಇಟ್ಟರೆ ಅವು ಹೊಟ್ಟೆಯೆಲ್ಲ ನೀಲಿಯಾಗಿ ಬಿರಿಯುವಂತಾದರೂ ಬಿಡುತ್ತಿರಲಿಲ್ಲ. ದೇವದುರ್ಗದ ಕಾಲೇಜಿನಲ್ಲಿ ತನ್ನ ಸಂಶೋಧನೆಗೆ ಗೈಡು ಆಗಿದ್ದ ಶರಣಯ್ಯನಿಂದ ಅವನು ಎರವಲು ತಂದದ್ದು ಸಾದಾ ನೊಣದ ಒಂದು ಬಾಟಲಿ ಮಾತ್ರ. ಅದರ ವಂಶ ಕೆಳಗಿನ ಅರೆಯಲ್ಲಿ ಬೇರೆಯಾಗಿಯೇ ಬೆಳೆಯುತ್ತಿತ್ತು.

ಜ್ವರದಲ್ಲಿ ಮಲಗಿದ್ದ ಕೊಟ್ರೇಶನನ್ನು ಬೈಕಿನ ಮೇಲೆ ಹೊರಡಿಸಿದವನೂ ಶರಣಯ್ಯನೇ: “ಬಂದು ಎಲ್ಲಾ ವಿವರಿಸಿ ಹೇಳು.” ಗಬ್ಬೂರಿನ ಹತ್ತಿರ ಬೈಕು ಲಾರಿಗೆ ಸಿಕ್ಕಿತು.

ಗಂಜಿ ಆರುವ ಮೊದಲೇ ಶರಣಯ್ಯನ ಫೋನು ಬಂತು.

“ದುಃಖದಾಗ ಕೇಳಬಾರದಮ್ಮಾ. ಆದರ ಆ ನೊಣ ನಂದು. ನಾಳಿ ಹೈದರಾಬಾದಿಂದ ದೊಡ್ಡ ಮಂದಿ ಬರಾಕತ್ತಾರ, ಉಣಿಸಿ ತೋರಿಸಬೇಕು.”

“ಅಲ್ಲಿ ನಮ್ಮ ಮನಿಯವರ ಹೆಸರು ಹೇಳ್ತೀರೇನ್ರಿ ಸರ್?”

“ಸತ್ತವರಿಗೆ ಹೆಸರು ಯಾಕಮ್ಮಾ? ಕೆಲಸ ನನ್ನ ಹೆಸರಿಲೆ ನಡೀತದ. ಎರವಲು ಒಯ್ದದ್ದು ವಾಪಸ್ ಕೊಡು.”

“ತರ್ತೀನ್ರಿ. ಎರವಲು ನುಂಗೋ ಮಂದಿ ಅಲ್ಲ ನಾವು.”

ಮೇಲಿನ ಅರೆಯ ಬಾಟಲಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಾನ್ವಿಯ ತವರಿಗೆ ಒಯ್ಯಲೆಂದು ತೆಗೆದಿಟ್ಟಳು. ಪ್ರಾಣಿಶಾಸ್ತ್ರ ಅವಳೂ ಓದಿದ್ದಳು. ಅವು ಲೋಕಕ್ಕೆ ಬಂದರೆ ಕೊಟ್ರೇಶನ ಹೆಸರಿನಲ್ಲೇ ಬರುತ್ತವೆ. ಆಮೇಲೆ ಕೆಳಗಿನ ಅರೆಯಿಂದ ಒಂದು ಬಾಟಲಿ ಚೀಲಕ್ಕಿಟ್ಟುಕೊಂಡು ದೇವದುರ್ಗದ ಬಸ್ಸು ಹತ್ತಿದಳು.

ಶರಣಯ್ಯ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. “ಹ್ಞಾ, ಇವೇ.”

ನೋಡಲು ಎರಡೂ ತಳಿ ಒಂದೇ. ಉಣಿಸಿದವರಿಗಷ್ಟೇ ಗೊತ್ತಾಗುತ್ತದೆ. ಅವನು ಒಂದು ದಿನವೂ ಕೈಯಾರೆ ಉಣಿಸಿದವನಲ್ಲ. ನಾಳೆ ಆ ದೊಡ್ಡ ಮಂದಿಯ ಮುಂದೆ ಇವು ತುಸು ಹೀರಿ, ಸಾಕೆಂದು ಸುಮ್ಮನೆ ಕೂರುತ್ತವೆ.

“ಚಾ ಕುಡಿದು ಹೋಗಮ್ಮಾ.”

“ಬ್ಯಾಡ್ರಿ, ನಾಳಿ ಬರೋರಿಗೆ ಇರ್ಲಿ. ನೀವು ಕೊಟ್ಟ ನೊಣದ ವಂಶನ ಇದು, ಸರ್. ಒಂದೂ ಕಲಬೆರಕಿ ಇಲ್ಲ.”

ಬಾಟಲಿ ಅವನ ಕೈಯಲ್ಲೇ ಉಳಿಯಿತು. ಸುನಂದಾ ಖಾಲಿ ಚೀಲ ಮಡಚಿದಳು. ಹೊಟ್ಟೆಯೊಳಗೆ ಏನೋ ಚುರುಕ್ಕೆಂದಿತು. ಹಸಿವು.