ಮಾವನ ಸರದಿ

ಕಿವಿ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ ಕೂತು ಪ್ರೋಗ್ರಾಂ ಬರೆಯುತ್ತಿದ್ದವಳಿಗೆ ತನ್ನ ಕೆಲಸದ ಬಗ್ಗೆ ಒಂದಿಷ್ಟು ಜಂಭವೇ ಇತ್ತು. ಉಚಿತ ಶ್ರವಣಯಂತ್ರಕ್ಕೆ ಕಾಯುವವರೆಲ್ಲ ಅವಳ ಜಾವಾಸ್ಕ್ರಿಪ್ಟಿನ ಒಂದೇ ಅರೇಯಲ್ಲಿ, ಅಂದರೆ ಒಂದೇ ಪಟ್ಟಿಯಲ್ಲಿ, ಸಾಲಾಗಿ ನಿಂತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಆಬ್ಜೆಕ್ಟ್. ಅದರೊಳಗೆ ಹೆಸರು, ವಯಸ್ಸು, ಯಾವ ಕಿವಿ. ಮೊದಲು ಬಂದವರು ಮೇಲೆ, ಆಮೇಲೆ ಬಂದವರು ಕೆಳಗೆ. ಯಂತ್ರ ಬಂದಾಗಲೆಲ್ಲ ಮೇಲಿದ್ದವರಿಗೆ ಕರೆ ಹೋಗುತ್ತಿತ್ತು.

ಆ ಸಾಲಿನಲ್ಲಿ ಅವಳ ಸೋದರಮಾವನೂ ಇದ್ದರು. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಅತ್ತೆಯ ದನಿ ಇಳಿಯುತ್ತಿತ್ತು, ಮಾವನ ಕಿವಿ ಮಂದವಾಗುತ್ತಿತ್ತು.

"ಇವ್ರಿಗೆ ಹೇಳೋದು ತುಂಬಾ ಇದೆ ಪುಟ್ಟಿ. ಕೂಗಿ ಹೇಳೋಕೆ ನನಗೆ ತ್ರಾಣ ಇಲ್ಲ. ಮೆಷಿನ್ ಸ್ವಲ್ಪ ಬೇಗ ಸಿಗುತ್ತಾ ನೋಡೇ" ಎಂದಿದ್ದರು ಅತ್ತೆ.

"ನಾನು ಮಧ್ಯೆ ಕೈ ಹಾಕಬಾರದು ಅತ್ತೆ. ಪ್ರೋಗ್ರಾಂಗೆ ನೆಂಟರು ಇಷ್ಟರು ಅಂತ ಇಲ್ಲ. ಸರದಿ ಬಂದಾಗ ಬರುತ್ತೆ."

ಹಾಗಂದು ತನ್ನ ನಿಯತ್ತಿಗೆ ತಾನೇ ಬೆನ್ನು ತಟ್ಟಿಕೊಂಡಿದ್ದಳು, ಪುಣ್ಯಾತ್ಗಿತ್ತಿ.

ಸರದಿ ಬರಲಿಲ್ಲ. ಅತ್ತೆ ತೀರಿಕೊಂಡರು.

ರಜೆ ಮುಗಿಸಿ ಬಂದ ದಿನವೇ ರಿಸೆಪ್ಷನಿಸ್ಟ್ ಬಾಗಿಲಲ್ಲಿ ನಿಂತು ಗೊಣಗಿದಳು. "ಮೇಡಂ, ಅ, ಆ ಅಂತ ಶುರುವಾಗೋ ಹೆಸರಿನವರಿಗೇ ಯಾಕೆ ಬೇಗ ಕೊಡ್ತೀರಾ ಅಂತ ಒಬ್ಬರು ಜಗಳ ತೆಗೆದ್ರು."

ಅವಳು ತಕ್ಷಣ ಪ್ರೋಗ್ರಾಂ ತೆರೆದಳು. ಹೆಸರು ಹುಡುಕಲು ಸುಲಭವಾಗಲಿ, ಅಕ್ಷರದ ಕ್ರಮದಲ್ಲಿ ತೋರಿಸಿ ಎಂದು ಹಿಂದೆ ಕೇಳಿದ್ದವಳು ಇದೇ ರಿಸೆಪ್ಷನಿಸ್ಟ್. ಇವಳು ಅರೇಗೆ ಸಾರ್ಟ್ ಎಂಬ, ಕ್ರಮಕ್ಕೆ ಜೋಡಿಸುವ ಆಜ್ಞೆಯೊಂದನ್ನು ಹಚ್ಚಿ ಕೈ ತೊಳೆದುಕೊಂಡಿದ್ದಳು. ಫಿಲ್ಟರ್, ಮ್ಯಾಪ್‌ನಂಥ ಆಜ್ಞೆಗಳು ಮೂಲ ಪಟ್ಟಿಯನ್ನು ಮುಟ್ಟದೆ ಹೊಸ ಅರೇ ಕೊಡುತ್ತವೆ. ಸಾರ್ಟ್ ಹಾಗಲ್ಲ, ಇದ್ದ ಅರೇಯನ್ನೇ ಅದಲುಬದಲು ಮಾಡಿಬಿಡುತ್ತದೆ. ಗೊತ್ತಿಲ್ಲದ್ದೇನಲ್ಲ, ಅವಸರದಲ್ಲಿ ಮರೆತಿದ್ದಳು. ರಿಸೆಪ್ಷನಿಸ್ಟ್ ಆ ಪುಟ ತೆರೆದಾಗಲೆಲ್ಲ ಜನ ಬಂದ ಕ್ರಮ ಅಳಿಸಿಹೋಗಿ ಅಕ್ಷರದ ಕ್ರಮವೇ ಸೇವ್ ಆಗುತ್ತಿತ್ತು. ಮಾವನ ಹೆಸರು ಶುರುವಾಗುವುದು ಹಕಾರದಿಂದ. ಹಳೆಯ ಬ್ಯಾಕಪ್ ತೆಗೆದು ನೋಡಿದಳು. ಸಾರ್ಟ್ ಹಾಕುವ ಹಿಂದಿನ ದಿನ ಮಾವ ಮೇಲಿನಿಂದ ಎರಡನೆಯವರಾಗಿದ್ದರು.

ಮೊದಲು ಅರೇಯ ನಕಲು ಮಾಡಿ, ಆ ನಕಲನ್ನು ಸಾರ್ಟ್ ಮಾಡುವಂತೆ ತಿದ್ದಿದಳು. ಒಂದೇ ಸಾಲಿನ ಕೆಲಸ. ಅಷ್ಟು ಚಿಕ್ಕದಾಗಿತ್ತೆಂಬುದೇ ಅವಳಿಗೆ ಹೆಚ್ಚು ಸಂಕಟ ತಂದಿತು.

ಬ್ಯಾಕಪ್ಪಿನಿಂದ ಹಳೆಯ ಕ್ರಮವನ್ನು ಮರಳಿ ತಂದ ಮೇಲೆ ಮಾವನ ಸರದಿ ಬಂತು. ಯಂತ್ರವನ್ನು ತಾನೇ ಒಯ್ದು ಅವರ ಕಿವಿಗೆ ಹಾಕಿದಳು. ಮಾವ ಮೆಲ್ಲಗೆ ತಲೆಯಾಡಿಸಿದರು. "ಫ್ಯಾನ್ ಇಷ್ಟು ಸದ್ದು ಮಾಡುತ್ತಾ?"

"ಇದು ಯಾವಾಗಲೋ ಸಿಗಬೇಕಿತ್ತು ಮಾವ. ತಪ್ಪು ನಂದು" ಎಂದಳು. ದನಿ ಏರಿಸಿರಲಿಲ್ಲ, ಆದರೂ ಅವರಿಗೆ ಪೂರ್ತಿ ಕೇಳಿಸಿತು.

ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅತ್ತೆಯ ಖಾಲಿ ಮಂಚದತ್ತ ತಿರುಗಿದರು.

"ಕೊನೇ ದಿನ ಸಂಜೆ ನನ್ನ ಕೈ ಹಿಡ್ಕೊಂಡು ಏನೇನೋ ಹೇಳಿದ್ಲು ಪುಟ್ಟಿ. ಅವಳಿಗೆ ಬೇಜಾರಾಗಬಾರದು ಅಂತ ನಾನು ಎಲ್ಲದಕ್ಕೂ ಹೂಂ ಹೂಂ ಅಂದೆ. ಅವಳಿಗೆ ಏನು ಮಾತು ಕೊಟ್ಟೆನೋ, ನನಗೇ ಗೊತ್ತಿಲ್ಲ. ನಿನಗೇನಾದ್ರೂ ಹೇಳಿದ್ಲಾ?"

ಇವಳಿಗೂ ಗೊತ್ತಿರಲಿಲ್ಲ. ಆ ಸಂಜೆ ಕೋಣೆಯಲ್ಲಿ ಇದ್ದದ್ದು ಅವರಿಬ್ಬರೇ.