ಪೂರ್ವಕ್ಕೆ ಬಾಗಿಲಿದ್ದ ದೋಣಿ

ಒಂದಾನೊಂದು ಕಾಲದಲ್ಲಿ ಒಬ್ಬ ರಾಜಕುಮಾರಿಯಿದ್ದಳು. ಕೈಯಲ್ಲೊಂದು ಉರಿಯುವ ಹಣತೆ ಹಿಡಿದು, ಬಾಗಿಲು ಕಿಟಕಿಗಳಿದ್ದ ಮನೆಯಂಥ ದೋಣಿ ಹತ್ತಿ ಅವಳು ಹೊರಟಳು. ದಡದಲ್ಲಿ ಕಾಲಿಡುವ ತನಕ ದೀಪ ಆರಬಾರದು. ದಾರಿ ಯಾವುದೆಂದು ಯಾರನ್ನೂ ಕೇಳಬಾರದು. ಏಳು ಹಗಲು ಏಳು ರಾತ್ರಿ ಕಳೆದು ದೋಣಿ ನಡುನೀರಿಗೆ ಬಂದಾಗ ಗಾಳಿ ನಿಂತಿತು. ಅಲ್ಲಿಗೆ ಕಥೆಯೂ ನಿಂತಿತು. ಹದಿನಾಲ್ಕು ವರ್ಷಗಳಿಂದ ರಾಜಕುಮಾರಿ ಅಲ್ಲೇ ಕೂತಿದ್ದಾಳೆ. ಯಾಕೆಂದರೆ ಕಲ್ಯಾಣದುರ್ಗದ ವೀರಭದ್ರಮ್ಮ ಮುಂದಕ್ಕೆ ಹೇಳಿಯೇ ಇರಲಿಲ್ಲ.

"ನಾನೇನು ದೋಣಿ ಹತ್ತಿದೋಳಾ?" ಎನ್ನುತ್ತಿದ್ದಳು ಆಕೆ, ಮೊಮ್ಮಗಳು ಮಂಗಳಗೌರಿ ಪ್ರತಿ ಸಲ ಪೀಡಿಸಿದಾಗ. "ನಮ್ಮ ಸೀಮೇಲಿ ಮೊಣಕಾಲುದ್ದ ನೀರು ನಿಂತ್ರೆ ಊರೋರೆಲ್ಲಾ ಬುತ್ತಿ ಕಟ್ಕಂಡು ನೋಡಕ್ಕೋಯ್ತಾರೆ. ಒಂದಿನ ಅಂಥ ದೋಣಿ ಹತ್ತೀನಿ, ಆವತ್ತು ಅವಳನ್ನ ದಡ ಮುಟ್ಟಿಸ್ತೀನಿ. ಮಾತು ಕೊಟ್ಟಿವ್ನಿ, ಈಗ ಮಲಿಕ್ಕೊ."

ಆ ಮಾತು ಕೊಟ್ಟ ಅಜ್ಜಿ ಈಗ ಪರಿಗಿ ಕೆರೆಯ ಏರಿಯ ಮೇಲೆ, ತಲೆ ತುಂಬ ಸೆರಗು ಹೊದ್ದು, ಕಣ್ಣಿಗೆ ಅಂಗೈ ಮರೆ ಮಾಡಿಕೊಂಡು ನಿಂತಿದ್ದಳು. ಕೆರೆ ಆ ವರ್ಷ ಕೋಡಿ ಬಿದ್ದಿತ್ತು. ಇಷ್ಟೊಂದು ನೀರು ಒಂದೇ ಕಡೆ ಸುಮ್ಮನೆ ಬಿದ್ದಿರುವುದನ್ನು ನೋಡಿ ಆಕೆಗೆ ಮೊದಲು ಬಂದದ್ದು ಸಂತೋಷವಲ್ಲ, ಅನುಮಾನ.

"ಇದೆಲ್ಲಾ ನೀರೇನಾ?"

"ಹೂಂ ಅಜ್ಜಿ."

"ಯಾರೂ ಕಾಯಾಕಿಲ್ವಾ?"

ಮಂಗಳಗೌರಿ ನಕ್ಕಳು. ನಕ್ಕರೂ ಎದೆಯೊಳಗೆ ಒಂದು ಪುಕ್ಕಲು ಹಕ್ಕಿ ರೆಕ್ಕೆ ಬಡಿಯುತ್ತಲೇ ಇತ್ತು. ಮಾಘಮಾಸದಲ್ಲಿ ಅವಳ ಮದುವೆ; ಆಮೇಲೆ ದಾವಣಗೆರೆ. ಹೋದ ತಿಂಗಳು ಹುರುಳಿ ಆರಿಸುತ್ತ ಕೂತಿದ್ದಾಗ, "ಅಜ್ಜಿ, ನಮ್ಮ ರಾಜಕುಮಾರಿ ಗತಿ ಏನು?" ಎಂದು ಅವಳು ತಮಾಷೆಗೆ ಕೇಳಿದ್ದಳು. ಅಜ್ಜಿ ಮೊರದಿಂದ ತಲೆಯೆತ್ತಿ, "ಯಾವ ರಾಜಕುಮಾರಿ?" ಎಂದಿದ್ದಳು. ಒಂದು ಗಳಿಗೆ ಕಳೆದ ಮೇಲೆ ನೆನಪಾಗಿ ತಾನೇ ನಕ್ಕಳು. ಆ ಒಂದು ಗಳಿಗೆಯಲ್ಲಿ ಮಂಗಳಗೌರಿಯ ಕೈಯೊಳಗಿನ ಹುರುಳಿ ಬೆವತಿತ್ತು. ಅದೇ ವಾರ ಹಿಂದೂಪುರದಿಂದ ಶಿವಯೋಗಪ್ಪ ಮಾವನ ಕಾಗದ ಬಂತು: ಪರಿಗಿ ಕೆರೆಯಲ್ಲಿ ವಿಹಾರಕ್ಕೆ ಬಾಡಿಗೆ ಬಿಡಲು ಒಂದು ದೋಣಿ ಕಟ್ಟಿಸುತ್ತಿದ್ದೇನೆ, ದೊಡ್ಡವರು ಯಾರಾದರೂ ಬಂದು ಮೊದಲು ಕಾಲಿಡಬೇಕು ಎಂದು. ಕಾಗದ ಓದಿದ ಮಾರನೆಯ ದಿನದಿಂದಲೇ ಅವಳು ಅಜ್ಜಿಯ ಬೆನ್ನು ಬಿದ್ದಳು. ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಇಡೀ ದಿನ ಹೊಗೆ ಕುಡಿದು, ಎರಡು ಏರುಗಳಲ್ಲಿ ಕೆಳಗಿಳಿದು ನಡೆದು, ಇಬ್ಬರೂ ಹಿಂದೂಪುರ ಸೇರಿದ್ದರು.

"ಬಾರತ್ತೆ, ಕೆಳಕ್ಕೆ ಬಾ!" ಏರಿಯ ಬುಡದಿಂದ ಶಿವಯೋಗಪ್ಪ ಕೂಗಿದ. ಬೆಲ್ಲದ ಮಂಡಿಯ ಯಜಮಾನ, ವೀರಭದ್ರಮ್ಮನ ಅಣ್ಣನ ಮಗ. ಬೆಲ್ಲದ ಅಚ್ಚಿನ ಹಾಗೆಯೇ ಗುಂಡಗೆ, ಕಂದಗೆ ಇದ್ದ. ಅವನ ದನಿಯಲ್ಲಿ ಮಾತ್ರ ಇವತ್ತು ಸಿಹಿ ಇರಲಿಲ್ಲ.

ಮಂಗಳಗೌರಿ ಅಜ್ಜಿಯ ಕೈಹಿಡಿದು ಮೆಟ್ಟಿಲ ತಿರುವಿಗೆ ಬಂದಳು. ಬಂದವಳು ಅಲ್ಲೇ ನಿಂತುಬಿಟ್ಟಳು.

ನೀರಿನ ಮೇಲೆ ಒಂದು ಮನೆ ನಿಂತಿತ್ತು.

ಕೆಂಪು ಬಳಿದ ಗೋಡೆ, ಹಸಿರು ಸರಳಿನ ಎರಡು ಕಿಟಕಿ, ಮುಂದೆ ಎರಡು ಪುಟ್ಟ ಜಗಲಿ. ಜಗಲಿಗಳ ನಡುವೆ ಕೆತ್ತನೆಯ ಬಾಗಿಲುವಾಡ. ನೆತ್ತಿಯ ಮೇಲೆ ಎರಡು ಆನೆಗಳ ನಡುವೆ ಕೂತ ಗಜಲಕ್ಷ್ಮಿ. ಬಾಗಿಲಿಗೆ ಚಿಲಕ, ಚಿಲಕಕ್ಕೆ ಬೀಗದ ಕೊಂಡಿ. ಕೆಳಗೆ ಗೇಣೆತ್ತರದ ಹೊಸ್ತಿಲು. ಇಷ್ಟೆಲ್ಲವನ್ನೂ ದನಗಳಿಗೆ ನೀರಿಡುವ ಬಾನಿಯಂಥ ಒಂದು ಮೊಂಡು ತಳ ಹೊತ್ತುಕೊಂಡು, ಹಗ್ಗದ ತುದಿಯಲ್ಲಿ ಮೆಲ್ಲಗೆ ಉಸಿರಾಡುತ್ತಿತ್ತು. ಹರಳೆಣ್ಣೆ ಮತ್ತು ರಾಳದ ವಾಸನೆ ಏರಿಯವರೆಗೂ ಬಡಿಯುತ್ತಿತ್ತು.

"ಅಜ್ಜಿ," ಎಂದಳು ಮಂಗಳಗೌರಿ. "ಅದೇ!"

ಅಜ್ಜಿಯ ಕೈ ಮೊಮ್ಮಗಳ ಕೈಯನ್ನು ಬಿಗಿಹಿಡಿಯಿತು.

"ನೋಡತ್ತೆ, ನೀನೇ ನೋಡು!" ಶಿವಯೋಗಪ್ಪ ತೋಳು ಬೀಸಿದ. "ದೋಣಿ ಮಾಡಪ್ಪಾ ಅಂದ್ರೆ ಈ ಮಹಾನುಭಾವ ಗೃಹಪ್ರವೇಶಕ್ಕೆ ಮನೆ ಕಟ್ಟವ್ನೆ. ಊರೆಲ್ಲಾ ಬಂದು ನಕ್ಕೋಯ್ತು. ನಾಳೆ ತಾಸೀಲ್ದಾರ್ರ ಮನೆಯೋರು ಬತ್ತಾರೆ. ಏನು ಮಕ ಇಟ್ಕಂಡು ತೋರಿಸ್ಲಿ?"

ಮಹಾನುಭಾವ ದೋಣಿಯ ಪಕ್ಕ ಮೊಣಕಾಲು ನೀರಿನಲ್ಲಿ ನಿಂತು, ಸಂದಿಯೊಂದಕ್ಕೆ ಹತ್ತಿ ತುರುಕುತ್ತಿದ್ದ. ಬಡಗಿ ಕರಿಸಿದ್ದಪ್ಪ. ಕಿವಿಯ ಸಂದಿಯಲ್ಲಿ ಸೀಸದ ಕಡ್ಡಿ. ನಲವತ್ತು ವರ್ಷ ಗಾಡಿ, ನೇಗಿಲು, ಮನೆಬಾಗಿಲು ಮಾಡಿದ ಕೈ. "ನೀವು ಕೊಟ್ಟ ಪಟದಾಗೆ ಇದ್ದಂಗೇ ಮಾಡಿವ್ನಿ ಸಾವ್ಕಾರ್ರೆ," ಎಂದ, ತಲೆಯೆತ್ತದೆ. ಶಿವಯೋಗಪ್ಪ ಅವನಿಗೆ ಕೊಟ್ಟದ್ದು ಕ್ಯಾಲೆಂಡರಿನ ಒಂದು ಹಾಳೆ: ಕಾಶ್ಮೀರದ ಸರೋವರ, ಅದರ ಮೇಲೊಂದು ಮನೆದೋಣಿ. "ಪಟದಾಗೆ ನೀರಿನ ಮೇಲಿರೋದು ಐತೆ. ಕೆಳಗಿರೋದು ಯಾರು ಕಂಡವ್ರೆ? ಅದಕ್ಕೆ ಮೇಲುಗಡೆ ಮನೆ ಮಾಡ್ದೆ, ಕೆಳಗಡೆ ಬಾನಿ ಮಾಡ್ದೆ."

"ಪಟದಾಗೆ ಹೊಸ್ತಿಲಿತ್ತೇನ್ಲಾ? ದೀಪದ ಗೂಡಿತ್ತೇನ್ಲಾ?"

"ಬಾಗ್ಲು ಅಂದ್ಮೇಲೆ ಹೊಸ್ತಿಲು, ಗೋಡೆ ಅಂದ್ಮೇಲೆ ಗೂಡು. ಅದನ್ನ ಪಟದೋರು ಬರೆಯಾಕೆ ಮರ್ತಿರ್ತಾರೆ." ಕರಿಸಿದ್ದಪ್ಪ ನೀರಿನಿಂದೆದ್ದು ಬಂದು, ವೀರಭದ್ರಮ್ಮನಿಗೆ ಕೈಮುಗಿದ. "ಬಾಗಿಲು ಪೂರ್ವಕ್ಕೇ ಇಟ್ಟಿವ್ನಿ ತಾಯಿ. ಮನೆ ಅಳತೆಯ ಆಯಾ ನೋಡಿ ಮಾಡಿರೋದು."

"ಆಹಾ!" ದೋಣಿ ಒತ್ತುವ ಗಳಕ್ಕೆ ಒರಗಿ ನಿಂತಿದ್ದ ಬೈರಣ್ಣ ಕಿಸಕ್ಕನೆ ನಕ್ಕ. ಅವನು ಪರಿಗಿಯಲ್ಲಿ ಹರಿಗೋಲು ಹಾಕುವವನು. ಇನ್ನು ಮೇಲೆ ಈ ದೋಣಿಯ ಸಾರಥಿ. "ತಾತ, ನಾನು ಗಳ ಒತ್ತಿದ್ರೆ ಇದು ತಿರುಗ್ತೈತೆ. ಆವಾಗ ನಿನ್ನ ಪೂರ್ವ ಏನು ಮಾಡ್ತೀಯ?"

ಕರಿಸಿದ್ದಪ್ಪ ದೋಣಿಯನ್ನು ನೋಡಿದ, ಸೂರ್ಯನನ್ನು ನೋಡಿದ, ಮತ್ತೆ ದೋಣಿಯನ್ನು ನೋಡಿದ. ನಲವತ್ತು ವರ್ಷದಲ್ಲಿ ಅವನು ಇಟ್ಟ ಬಾಗಿಲು ಒಂದೂ ಇಟ್ಟ ಕಡೆಯಿಂದ ಕದಲಿರಲಿಲ್ಲ. ಈ ಯೋಚನೆ ಅವನಿಗೆ ಬಂದೇ ಇರಲಿಲ್ಲ ಎಂಬುದು ಏರಿಯ ಮೇಲಿನ ಎಮ್ಮೆಗೂ ತಿಳಿಯುವಂತಿತ್ತು.

ವೀರಭದ್ರಮ್ಮ ಈಗ ಮೊದಲ ಸಲ ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ, ಹೊಟ್ಟೆ ಅಲುಗುವಂತೆ. "ಅಯ್ಯೋ ಶಿವನೇ! ಬಾಗಿಲು ಪೂರ್ವಕ್ಕಿಟ್ಟು ಮನೇನ ನೀರಿಗೆ ಬುಟ್ಟವ್ನೆ!" ಕರಿಸಿದ್ದಪ್ಪನೂ ತಲೆ ಕೆರೆದುಕೊಂಡು ನಗತೊಡಗಿದ.

ಹಲಗೆ ಹಾಸಿದರು. ಶಿವಯೋಗಪ್ಪ, ಬೈರಣ್ಣ ಜಗಲಿಗೆ ಹತ್ತಿ, ಹೊಸ್ತಿಲೊಳಕ್ಕೆ ಮೊದಲ ಕಾಲು ಅತ್ತೆಯದೆಂದು ಹೊರಗೇ ನಿಂತರು. ಮಂಗಳಗೌರಿ ಅಜ್ಜಿಯನ್ನು ನಡೆಸಿಕೊಂಡು ಹಲಗೆಯ ಕೊನೆಗೆ ಬಂದಾಗ ಅಜ್ಜಿ ಗಕ್ಕನೆ ನಿಂತಳು.

"ಬೋಳು ಹೊಸ್ತಿಲು. ಅರಿಸಿನ ಇಲ್ಲ, ಕುಂಕುಮ ಇಲ್ಲ. ನಾನು ದಾಟಾಕಿಲ್ಲ."

"ಅತ್ತೆ, ಇದು ದೋಣಿ! ಹೊತ್ತು ಇಳೀತೈತೆ..."

"ದೋಣಿಗೆ ಹೊಸ್ತಿಲು ಇಡಿಸ್ದೋನು ನೀನು. ಪೂಜೆ ಮಾಡ್ಸೋನೂ ನೀನೇ."

ಅರಿಸಿನ ಬೇಕೆಂದರೆ ಊರೊಳಕ್ಕೆ ಹೋಗಿ ಬರಬೇಕು. ಅಷ್ಟರಲ್ಲಿ ಸಂಜೆಯಾಗುತ್ತದೆ, ನಾಳೆ ದೋಣಿ ತಾಸೀಲ್ದಾರರ ಪಾಲು, ನಾಡಿದ್ದು ಕಲ್ಯಾಣದುರ್ಗದ ಬಸ್ಸು. ಮಂಗಳಗೌರಿ ಅಜ್ಜಿಯ ಮುಖ ನೋಡಿದಳು. ಅಲ್ಲಿ ಇದ್ದದ್ದು ಶಾಸ್ತ್ರದ ಹಟವಲ್ಲ. ಆಕೆಯ ಕಣ್ಣು ಹೊಸ್ತಿಲನ್ನು ದಾಟಿ, ಬಾಗಿಲೊಳಗಿನ ನಸುಗತ್ತಲನ್ನೂ ದಾಟಿ, ಹಿಂದಿನ ಗೋಡೆಯ ಪುಟ್ಟ ಖಾಲಿ ಗೂಡಿನ ಮೇಲೆ ನಿಂತಿತ್ತು.

ಅವಳು ಅಜ್ಜಿಯ ಸೊಂಟದ ಎಲೆಅಡಿಕೆ ಚೀಲಕ್ಕೆ ಕೈಹಾಕಿದಳು. ಅದರ ಮೂಲೆಯಲ್ಲಿ, ಬಿಳಿ ಬಟ್ಟೆಯ ತುಂಡಿನಲ್ಲಿ, ಅಜ್ಜಿ ದಿನವೂ ಲಿಂಗಪೂಜೆಗೆ ಬಳಸುವ ವಿಭೂತಿಗಟ್ಟಿ ಇತ್ತು. ಬಗ್ಗಿ ಕೆರೆಯ ನೀರಿನಲ್ಲಿ ಮೂರು ಬೆರಳು ಅದ್ದಿ, ಗಟ್ಟಿಯ ಮೇಲೆ ತೇಯ್ದು, ಹೊಸ್ತಿಲ ಉದ್ದಕ್ಕೂ ಎಳೆದಳು. ಹಸಿ ಮರದ ಮೇಲೆ ಮೂರು ಬೂದಿ ಗೆರೆ ಮೊದಲು ಮಾಸಲಾಗಿ, ಆಮೇಲೆ ಬೆಳ್ಳಗೆ ಎದ್ದು ಬಂದವು.

"ಇಬೂತಿ ಹೊಸ್ತಿಲಿಗೆ ಹಚ್ತಾರೇನೆ?"

"ಮನೆ ನೀರಿಗೆ ಬುಡ್ತಾರಾ?"

"ನಿನ್ನ ಅತ್ತೆಗೆ ಐತೆ ನೋಡು ದಾವಣಗೆರೇಲಿ," ಎಂದು ಅಜ್ಜಿ, ಶಿವಾ ಎನ್ನುತ್ತ ಬಲಗಾಲೆತ್ತಿ ಹೊಸ್ತಿಲು ದಾಟಿದಳು.

"ನೆಮ್ಮದಿಗಾ ಅಮ್ಮಾ, ನೆಮ್ಮದಿಗಾ," ಎಂದು ತೆಲುಗಿನಲ್ಲಿ, ಮೆಲ್ಲಗೆ ಸಾಗೆಂದು ದೋಣಿಯನ್ನು ಪುಸಲಾಯಿಸುತ್ತ ಬೈರಣ್ಣ ಗಳ ಒತ್ತಿದ. ದೋಣಿ ಒಮ್ಮೆ ನರಳಿತು, ಹಗ್ಗ ಕಳಚಿದ ಹಸುವಿನ ಹಾಗೆ ಅನುಮಾನಿಸಿತು, ಆಮೇಲೆ ಸಾಗಿತು. ಕೊನೆಯ ಗಳಿಗೆಯಲ್ಲಿ ಕರಿಸಿದ್ದಪ್ಪನೂ ಹತ್ತಿದ್ದ. ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ತಳದ ಹಲಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ. ಒಂದು ಕಡೆ ನೀರು ಜಿನುಗಿತು. ಹೆಬ್ಬೆರಳು ಒತ್ತಿ, ಯಾರಿಗೂ ಹೇಳದೆ, ಅದರ ಮೇಲೆ ಕೂತುಬಿಟ್ಟ.

ಮುಕ್ಕಾಲು ಪಾಲು ಕೆರೆ ದಾಟುವ ಮೊದಲೇ ಗಾಳಿ ಗೋಡೆಗೆ ಬಡಿಯಿತು. ಮೊಂಡು ತಳದ ದೋಣಿ ಬೈರಣ್ಣನ ಮಾತು ಬಿಟ್ಟು ಗಾಳಿಯ ಮಾತು ಕೇಳಿತು. ನಿಂತಲ್ಲೇ ಮೆಲ್ಲಗೆ ಸುತ್ತತೊಡಗಿತು. ಶಿವಯೋಗಪ್ಪ ಜಗಲಿಯ ಕಂಬ ತಬ್ಬಿಕೊಂಡು, "ತಿರುಗ್ತೈತೆ! ಕರಿಸಿದ್ದಾ, ತಿರುಗ್ತೈತೆ ಕಣ್ಲಾ!" ಎಂದು ಕಣ್ಮುಚ್ಚಿದ.

"ತಿರುಗ್ಲಿ ಬುಡಿ ಸಾವ್ಕಾರ್ರೆ. ತೇಲ್ತೈತಲ್ಲ?"

ಒಳಗೆ, ಬಾಗಿಲಿಗೆದುರಾಗಿ ಅಜ್ಜಿಯ ಪಕ್ಕ ಕೂತ ಮಂಗಳಗೌರಿ ಕಣ್ಣು ಮುಚ್ಚಲಿಲ್ಲ. ಬಾಗಿಲುವಾಡದ ಚೌಕಟ್ಟಿನೊಳಗೆ ಲೋಕ ಮೆರವಣಿಗೆ ಹೊರಟಿತ್ತು. ಕೆರೆಯ ಏರಿ ಬಂತು, ಏರಿಯ ಮೇಲಿನ ಎಮ್ಮೆ ಬಂತು. ಗುಡಿಯ ಗೋಪುರ ಬಂದು ಹೋಯಿತು. ತೆಂಗಿನ ಸಾಲು, ಭತ್ತದ ಗದ್ದೆ, ಆಚೆ ಬೋಳುಗುಡ್ಡ, ಬಟ್ಟೆ ಒಗೆಯುತ್ತಿದ್ದವಳು ಎತ್ತಿದ ಕೈ ಎತ್ತಿದಂತೆಯೇ ಬಿಟ್ಟು ನಿಂತದ್ದು, ಮತ್ತೆ ಏರಿ, ಮತ್ತೆ ಅದೇ ಎಮ್ಮೆ. ಹದಿನಾಲ್ಕು ವರ್ಷ ಹಾಸಿಗೆಯಲ್ಲಿ ಕಣ್ಮುಚ್ಚಿ ಕಂಡ ದೋಣಿ ಸುಮ್ಮನೆ ಮುಂದಕ್ಕೆ ಹೋಗುತ್ತಿತ್ತು. ಹೀಗೆ ಕುಣಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದಕ್ಕಿಂತ ಇದೇ ಚೆನ್ನಾಗಿತ್ತು.

"ಅಜ್ಜಿ, ಮಾತು ಕೊಟ್ಟಿದ್ದೆ."

ಅಜ್ಜಿ ಬಾಗಿಲ ಕಡೆಯೇ ನೋಡುತ್ತಿದ್ದಳು. "ದೋಣಿ ಹತ್ತಿಲ್ಲ ಅಂತ ಅವಳನ್ನ ಅಲ್ಲಿ ಕೂರಿಸಿರ್ಲಿಲ್ಲ ಕಣೆ."

"ಮತ್ಯಾಕೆ?"

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ದಿನಾ ಬಂದು ಕೇಳ್ತಿದ್ದೆ ನೀನು," ಎಂದಳು.

ದೋಣಿ ಇನ್ನೊಂದು ಸುತ್ತು ಸುತ್ತಿತು. ಮಂಗಳಗೌರಿ ಅಜ್ಜಿಯ ತೊಡೆಯ ಮೇಲೆ, ಚಿಕ್ಕವಳಾಗಿದ್ದಾಗ ಇಡುತ್ತಿದ್ದ ಹಾಗೆ, ತಲೆಯಿಟ್ಟಳು. ವಿಭೂತಿ, ಎಲೆಅಡಿಕೆ, ಇದ್ದಿಲ ಹೊಗೆ ಮೂರೂ ಸೇರಿದ ವಾಸನೆ. ಅವಳು ಮತ್ತೆ ಕೇಳಲಿಲ್ಲ. ಕೇಳಬಾರದೆಂದು ಅವಳಿಗೆ ಅನ್ನಿಸಿತು. ದಾರಿ ಕೇಳಬಾರದೆಂದು ಕಥೆಯಲ್ಲೇ ಇತ್ತಲ್ಲ.

ತಲೆಯ ಮೇಲಿನಿಂದ ಅಜ್ಜಿಯ ದನಿ ಬಂತು.

"ಗಾಳಿ ನಿಂತಿತ್ತಾ? ಒಂದಿನ ಎದ್ದಿತು. ದೋಣಿ ಗಿರ್ರಂತ ತಿರುಗ್ತು. ಪೂರ್ವಕ್ಕೆ ಹೊರಟಿದ್ದ ಬಾಗಿಲು ಪಶ್ಚಿಮಕ್ಕೆ ಬಂತು, ಉತ್ತರಕ್ಕೋಯ್ತು, ದಕ್ಷಿಣಕ್ಕೋಯ್ತು. ರಾಜಕುಮಾರಿ ಏನಂದ್ಕಂಡಿದ್ಳು? ಇದು ಸಮುದ್ರ, ದಡ ಒಂದೇ, ಅದೆಲ್ಲೋ ಮುಂದ್ಗಡೆ ಐತೆ ಅಂತ. ಬಾಗಿಲಾಗೆ ಕೂತು ನೋಡ್ತಾಳೆ: ಈ ಕಡೆ ತೆಂಗಿನಮರ, ಆ ಕಡೆ ಗುಡಿ, ಅಲ್ಲೊಬ್ಳು ಬಟ್ಟೆ ಒಗೀತಾವ್ಳೆ..." ಅಜ್ಜಿ ನಕ್ಕಳು. "ಸಮುದ್ರ ಅಲ್ಲ ಕಣವ್ವ ಅದು. ಕೆರೆ. ಸುತ್ತಾ ದಡ."

ಹೊರಗೆ ಶಿವಯೋಗಪ್ಪ ಒಂದು ಕಣ್ಣು ತೆರೆದಿದ್ದ. ಬೈರಣ್ಣ ಗಳವನ್ನು ತಡೆದು ಹಿಡಿದು ಕೇಳುತ್ತಿದ್ದ. ಕರಿಸಿದ್ದಪ್ಪ ಒದ್ದೆ ಪಂಚೆಯಲ್ಲಿ ಕೂತಲ್ಲಿಂದಲೇ ಕೇಳಿದ: "ಆಮೇಲೆ ತಾಯಿ?"

"ಆಮೇಲೇನು, ದಡಕ್ಕೆ ನಡೀರಿ. ಉಳಿದದ್ದು ಇಳಿಯೋವಾಗ."

ದೋಣಿ ಏರಿಯ ಬುಡ ಮುಟ್ಟುವ ಹೊತ್ತಿಗೆ ಬಿಸಿಲು ಕೆಂಪಗಾಗಿತ್ತು. ಶಿವಯೋಗಪ್ಪ ನೆಲ ಸಿಕ್ಕಿದ್ದೇ ತಡ ಮೊದಲಿನಂತಾದ. "ನಾಳೆಯೂ ಹತ್ಬುಡತ್ತೆ. ತಾಸೀಲ್ದಾರ್ರಿಗೂ ಇದನ್ನೇ ಹೇಳುವಂತೆ. ತಿರುಗೋದೇ ಇದರ ಗಮ್ಮತ್ತು ಅಂತೀನಿ," ಎಂದ. "ಪೂರ್ವ ನಾಕು ಕಡೇನೂ ಐತೆ ಅನ್ನಿ," ಎಂದ ಕರಿಸಿದ್ದಪ್ಪ.

ವೀರಭದ್ರಮ್ಮ ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಗೆರೆ ತುಳಿಯದಂತೆ ಹೊಸ್ತಿಲು ದಾಟಿದಳು. ಹಾಸಿದ ಹಲಗೆಯನ್ನು ಬಿಟ್ಟು, ಸೀರೆ ತುಸು ಎತ್ತಿ, ಬೇಕೆಂದೇ ಪಕ್ಕದಲ್ಲಿ, ಪಾದ ಮುಳುಗುವಷ್ಟು ನೀರಿನಲ್ಲಿ ಕಾಲಿಟ್ಟಳು. ತಿರುಗಿ ಮೊಮ್ಮಗಳಿಗೆ ಕೈಚಾಚಿದಳು.

"ಇಳಿದ್ಳು," ಎಂದಳು. "ನೀರು ತಣ್ಣಗಿತ್ತು."

ಮಂಗಳಗೌರಿಯೂ ಇಳಿದಳು. ತಣ್ಣಗಿತ್ತು. ಕಾಲ್ಬೆರಳ ಸಂದಿಯಲ್ಲಿ ಕೆಸರು ನುಣ್ಣಗೆ ಏರಿತು.

"ದೀಪ ಅಜ್ಜಿ?"

"ಆರಲಿಲ್ಲ. ಅದನ್ನ ದೋಣಿ ಗೂಡಲ್ಲೇ ಇಟ್ಟು ಬಂದ್ಳು. ಹಿಂದೆ ಹತ್ತೋರಿಗೆ ಬೇಕಾಗ್ತೈತಲ್ಲ."

ಹಗ್ಗ ಇನ್ನೂ ಕಟ್ಟಿರಲಿಲ್ಲ. ಖಾಲಿ ದೋಣಿ ಅವರ ಬೆನ್ನ ಹಿಂದೆ ತನ್ನಷ್ಟಕ್ಕೆ ಅರ್ಧ ಸುತ್ತು ತಿರುಗಿ, ಬಾಗಿಲನ್ನು ಪಶ್ಚಿಮಕ್ಕೆ ಮಾಡಿ ನಿಂತಿತು. ಇಳಿಬಿಸಿಲು ಮೂರು ಬಿಳಿ ಗೆರೆಗಳನ್ನು ದಾಟಿ ಒಳಗೆ ಹೋಗಿ, ಹಿಂದಿನ ಗೋಡೆಯ ಗೂಡಿನಲ್ಲಿ ಕೂತಿತು.